ಪಕ್ಕದ ಕುರ್ಚಿ

ಊರು ಬಿಟ್ಟು ಬಂದ ನಮ್ಮಂಥ ಗುಮಾಸ್ತರಿಗೆ ವರ್ಗಾವಣೆಯ ಭಯ; ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾನೇಜರಿಗೆ ವಜಾದ ಭಯ. ಬ್ರಿಯಾನ್ ಕ್ಲಫ್ 1972ರಲ್ಲಿ ಡರ್ಬಿ ಕೌಂಟಿಗೆ ಲೀಗ್ ಗೆದ್ದುಕೊಟ್ಟವರು. ಆಟಗಾರನನ್ನು ಗುರುತಿಸುವ ಕಣ್ಣು ಸಹಾಯಕ ಪೀಟರ್ ಟೇಲರರದು, ಆಡಿಸುವ ನಾಲಗೆ ಕ್ಲಫ್ ಅವರದು. 1974ರಲ್ಲಿ ಟೇಲರರಿಲ್ಲದೆ ಲೀಡ್ಸ್ ಸೇರಿದರು; 44 ದಿನಕ್ಕೇ ಮನೆ. (ಅಷ್ಟರೊಳಗೆ ನಮ್ಮಲ್ಲಿ ಒಂದು ಫೈಲು ಮೇಜು ದಾಟಿದರೆ ಪುಣ್ಯ!) ನಾಟಿಂಗ್‌ಹ್ಯಾಮ್ ಫಾರೆಸ್ಟಿನಲ್ಲಿ 1976ರಿಂದ ಮತ್ತೆ ಜೊತೆಯಾದರು: 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್. ಮುಂದೆ ಡರ್ಬಿಯ ಮ್ಯಾನೇಜರಾದ ಟೇಲರ್ 1983ರಲ್ಲಿ ಫಾರೆಸ್ಟಿನ ಆಟಗಾರನೊಬ್ಬನನ್ನು ಕ್ಲಫ್‌ಗೆ ಹೇಳದೆ ಸೇರಿಸಿಕೊಂಡರು. ಅಂದಿನಿಂದ ಮಾತಿಲ್ಲ. ಪಕ್ಕದ ಕುರ್ಚಿಯ ಬೆಲೆ ಬಲ್ಲ ನಮಗೆ ಕಪ್ಪುಗಳಿಗಿಂತ ಆ ಮೌನವೇ ದೊಡ್ಡದಾಗಿ ಕಾಣುತ್ತದೆ. 1990ರಲ್ಲಿ ಟೇಲರ್ ತೀರಿಕೊಂಡರು. ಕ್ಲಫ್ 1994ರ ತಮ್ಮ ಆತ್ಮಕಥೆಯನ್ನು ಅವರಿಗೇ ಅರ್ಪಿಸಿದರು.