ಜೋಡಿಗೆರೆ

ನನ್ನಪ್ಪ ಅಕ್ಕನ ಮಗಳನ್ನೇ ಮದುವೆಯಾದವರು. ಅಮ್ಮನಿಗೆ ಅವಳ ಸ್ವಂತ ಅಜ್ಜಿಯೇ ಅತ್ತೆ. ಹಾಸನದ ಕಡೆ, ನಮ್ಮೂರಲ್ಲಿ ಇದನ್ನು ಯಾರೂ ವಿಶೇಷವೆಂದು ಎತ್ತಿ ಆಡುವುದಿಲ್ಲ. ಕ್ಯಾಲಿಫೋರ್ನಿಯಾದ ಕಾಲೇಜೊಂದರ ಲ್ಯಾಬಿನಲ್ಲಿ ಅದನ್ನು ನಾನು ಎಲ್ಲರೆದುರು ವಿವರಿಸಬೇಕಾಗಿ ಬಂತು.

ಡಿಗ್ರಿ ಅರ್ಧಕ್ಕೆ ಬಿಟ್ಟು ಮದುವೆಯಾಗಿ ಹೋದವಳು, ಅಲ್ಲಿ ಅಕೌಂಟಿಂಗ್ ಓದಲು ಸೇರಿದ್ದೆ. ಲೆಕ್ಕಪತ್ರ ಓದುವವರೂ ಲ್ಯಾಬ್ ಇರುವ ಒಂದು ವಿಜ್ಞಾನ ವಿಷಯ ಪಾಸಾಗಲೇಬೇಕು. ವಿಜ್ಞಾನ ಓದದವರಿಗೆಂದೇ ಇದ್ದ ಜೀವಶಾಸ್ತ್ರ ತೆಗೆದುಕೊಂಡೆ. ಆಲೂಗಡ್ಡೆ ಹೋಳನ್ನು ಉಪ್ಪುನೀರಿನಲ್ಲಿ ಇಟ್ಟು ತೂಗಿದ್ದು, ಸ್ಟ್ರಾಬೆರಿ ಹಿಚುಕಿ ಡಿಎನ್‌ಎ ಎಳೆ ತೆಗೆದದ್ದು ಹೇಗೋ ಸಾಗಿತು. ಅನುವಂಶೀಯತೆಯ ಪಾಠ ಬಂದಾಗ ಅವರವರ ಮನೆತನದ ವಂಶವೃಕ್ಷ ಬರೆದು ತರಲು ಹೇಳಿದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತಲೆಮಾರಿಗೊಂದು ಸಾಲು, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ಅಪ್ಪ ಎರಡನೇ ಸಾಲಿನಲ್ಲಿ, ಅಮ್ಮ ಮೂರನೆಯದರಲ್ಲಿ. ಗೆರೆ ಓರೆಯಾಗಿ ಇಳಿಯಿತು. ತಮ್ಮನ ಚೌಕಕ್ಕೆ ಕಪ್ಪು ತುಂಬಬೇಕಿತ್ತು. ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಪೆನ್ನು ಹಿಡಿದು ಬಹಳ ಹೊತ್ತು ಹಾಗೇ ಕೂತಿದ್ದೆ.

ಕ್ಲಾಸಿನಲ್ಲಿ ಯಾರೋ ನಕ್ಕರು. ಇದಕ್ಕೆ ನಿಮ್ಮಲ್ಲಿ ಕಾನೂನಿನ ಒಪ್ಪಿಗೆ ಇದೆಯೇ ಎಂದು ಒಬ್ಬ ಕೇಳಿದ. ರೂಢಿಯಿರುವ ಕಡೆ 1955ರ ಹಿಂದೂ ವಿವಾಹ ಕಾಯ್ದೆ ಇದನ್ನು ಒಪ್ಪುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ. ಬಾಯಿ ಕಟ್ಟಿಹೋಯಿತು.

ಮೇಡಂ ನಗು ನಿಲ್ಲಿಸಿ ಬೋರ್ಡಿನ ಮೇಲೆ ಲೆಕ್ಕ ಬರೆದರು. ಹುಟ್ಟುಕಿವುಡಿನ ಹಲವು ಬಗೆಗಳಲ್ಲಿ, ದೋಷವಿರುವ ಜೀನು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ತೊಂದರೆ. ಒಂದೇ ಪ್ರತಿ ಇರುವವರಿಗೆ ಏನೂ ಆಗದು, ಅದು ತಮ್ಮಲ್ಲಿದೆ ಎಂಬುದೂ ತಿಳಿಯದು. ಇಬ್ಬರಲ್ಲೂ ಅಂಥ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಸೋದರಮಾವನನ್ನು ಮದುವೆಯಾದವಳ ಮಗುವಿಗೆ, ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ 1/8. ಈ ಚಿತ್ರವೊಂದರಿಂದಲೇ ಕಾರಣ ಸಾಬೀತಾಗದು, ಬಸಿರಿನಲ್ಲಿ ರುಬೆಲ್ಲಾ ತಗುಲಿದರೂ ಮಗು ಕಿವುಡಾಗಬಹುದು ಎಂದೂ ಹೇಳಿದರು. ಕಾರಣ ಆ ಜೀನೇ ಆಗಿದ್ದರೆ, ನನ್ನೊಳಗೂ ಅದರ ಒಂದು ಪ್ರತಿ ಇರುವ ಸಾಧ್ಯತೆ 2/3. ಆ ರಾತ್ರಿ ನಿದ್ದೆ ಬರಲಿಲ್ಲ.

ಗ್ರಹಣದ ದಿನ ತರಕಾರಿ ಹೆಚ್ಚಿದ್ದರಿಂದ ಮಗ ಹೀಗಾದ ಎಂದು ಅಮ್ಮ ಇಷ್ಟು ವರ್ಷ ತನ್ನನ್ನೇ ಹಳಿದುಕೊಂಡವಳು. ಅಜ್ಜಿಯೂ ಅದನ್ನೇ ಚುಚ್ಚುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಮೆಂಡೆಲನ ಬಟಾಣಿ ಗಿಡ ನಾನೂ ಬಾಯಿಪಾಠ ಮಾಡಿದ್ದೆ. ಅದು ನಮ್ಮ ಮನೆಯದೇ ಮಾತು ಎಂದು ಯಾರೊಬ್ಬರೂ ಹೇಳಲಿಲ್ಲ. ಹೇಳಬೇಕಿತ್ತು. ಅದಕ್ಕೆ ಇಂದಿಗೂ ಸಿಟ್ಟಿದೆ.

ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. “ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ.”

“ಜೀನೇ ಕಾರಣ ಅಂದ್ರೆ ನಿಮ್ಮಪ್ಪಂದೂ ಪಾಲಿದೆಯೇನೇ?”

“ಸರಿಪಾಲಮ್ಮ. ತಪ್ಪು ಮಾತ್ರ ಇಬ್ಬರದೂ ಅಲ್ಲ.”

ಅಮ್ಮ ಅತ್ತಳು. ನಾನೂ ಅತ್ತೆ.

ಈಗ ತಮ್ಮನಿಗೆ ಸೋದರತ್ತೆಯ ಮಗಳನ್ನು ತರುವ ಮಾತು ಎದ್ದಿದೆ. ಇಬ್ಬರಿಗೂ ಜೆನೆಟಿಕ್ ಪರೀಕ್ಷೆ ಆಗುವವರೆಗೆ ತಾಂಬೂಲ ಬೇಡವೆಂದು ಅಮ್ಮನೇ ಪಟ್ಟು ಹಿಡಿದಿದ್ದಾಳೆ.