ಸದ್ದಿನ ನೆಲೆ

ಯಂತ್ರಕ್ಕೆ ಬಾಯಿಲ್ಲ. ತನಗಾದ ಸವಕಳಿಯನ್ನು ಅದು ಸದ್ದಿನಿಂದಲೇ ತಿಳಿಸಬೇಕು. ಕೇಳುವ ನಾವೋ ಎರಡು ಅತಿರೇಕಗಳಿಗೆ ಒಳಗಾಗುತ್ತೇವೆ. ಕೆಲವರು ರೇಡಿಯೋದ ದನಿಯನ್ನು ಏರಿಸಿ ಅದನ್ನು ಮುಚ್ಚಿಬಿಡುತ್ತಾರೆ. ಕೆಲವರು ಗಾಬರಿಗೊಂಡು, ಕೇಳಿದಷ್ಟು ಹಣವನ್ನು ತೆತ್ತು ಭಾಗಗಳನ್ನೇ ಬದಲಿಸುತ್ತಾರೆ. ಇವೆರಡರ ನಡುವೆ, ತಾಳ್ಮೆಯಿಂದ ಆಲಿಸಿ ಮೂಲವನ್ನು ಅರಿಯುವ ಮೂರನೆಯ ದಾರಿಯೊಂದಿದೆ. ಆ ದಾರಿಯಲ್ಲಿ ನಾನು ಕಂಡುಕೊಂಡದ್ದನ್ನು ಆತ್ಮೀಯ ಓದುಗರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ನಮ್ಮ ಮನೆಯಲ್ಲಿರುವುದು 2007ರ ಮಾದರಿಯ ಕಾರು; ಅಗತ್ಯ ಬಿದ್ದಾಗ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಹಂಚುವ ಬಗೆಯದು. ತೀರ್ಥಹಳ್ಳಿಯಿಂದ ತಿಂಗಳಿಗೊಮ್ಮೆ ತಾಯಿಯವರನ್ನು ಚಿಕಿತ್ಸೆಗಾಗಿ ಮಣಿಪಾಲಕ್ಕೆ ಕರೆದೊಯ್ಯಬೇಕಾಗಿದೆ. ನಡುವೆ ಆಗುಂಬೆ ಘಾಟಿ; 14 ಹೇರ್‌ಪಿನ್ ತಿರುವುಗಳು. 2024ರ ಬೇಸಿಗೆಯಲ್ಲಿ ಒಂದೊಂದು ತಿರುವಿನಲ್ಲಿಯೂ ಕಾರಿನ ಹಿಂಭಾಗದಿಂದ ಗೊರಗೊರ ಎಂಬ ಸದ್ದು, ಅದರೊಡನೆ ಸಣ್ಣ ನಡುಕ ಆರಂಭವಾಯಿತು. ಹಿಂದೆ ಕುಳಿತಿದ್ದ ತಾಯಿಯವರು, "ಮಗಾ, ಗಾಡಿ ಹೊಟ್ಟೆನೋವು ಬಂದವರ ಹಾಗೆ ನರಳ್ತದಲ್ಲ" ಎಂದರು. ಪೇಟೆಯ ದೊಡ್ಡ ಕಾರ್ಯಾಗಾರವೊಂದರಲ್ಲಿ ತೋರಿಸಿದಾಗ ಹಿಂದಿನ ಡಿಫರೆನ್ಷಿಯಲ್ಲನ್ನು ಇಡಿಯಾಗಿ ಬದಲಿಸಬೇಕೆಂದು ಹೇಳಿದರು. ಅದರ ವೆಚ್ಚ ಕಾರಿನ ಆಗಿನ ಬೆಲೆಯ ಮೂರನೆಯ ಒಂದು ಪಾಲು. ಅಷ್ಟು ಹಣವಿದ್ದರೆ ತಾಯಿಯವರ ಹಲವು ತಿಂಗಳ ಔಷಧ ನಡೆಯುತ್ತಿತ್ತು. ಸುಮ್ಮನಿರೋಣವೆಂದರೆ ಮುಂದೆ ಮಳೆಗಾಲ. ಘಾಟಿಯ ನಡುವೆ ಗಾಡಿ ನಿಂತರೆ ಗತಿಯೇನು?

ಈ ಇಕ್ಕಟ್ಟಿನಲ್ಲಿ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅವರು ಕಾರಿನ ಕೆಳಗೆ ಇಣುಕಲೂ ಇಲ್ಲ. "ಸದ್ದು ಯಾವಾಗ ಬರ್ತದೆ, ಅದನ್ನ ಮೊದಲು ಹೇಳಿ. ಎಲ್ಲಿಂದ ಬರ್ತದೆ ಅಂತ ಆಮೇಲೆ ನೋಡುವ" ಎಂದರು. ಈ ಮಾತಿನಲ್ಲಿ ದೊಡ್ಡ ಸೂಕ್ಷ್ಮವೊಂದಿದೆ. ಕಾರಿನ ತಳದ ಲೋಹವೆಲ್ಲ ಒಂದಕ್ಕೊಂದು ಬೆಸೆದಿರುವುದರಿಂದ ಒಂದೆಡೆ ಹುಟ್ಟಿದ ಸದ್ದು ಇನ್ನೊಂದೆಡೆ ಕೇಳಿಸುತ್ತದೆ. ಸ್ಥಳವನ್ನು ಹೇಳುವಾಗ ಕಿವಿ ಮೋಸಹೋಗಬಹುದು. ಸಂದರ್ಭವು ಸುಳ್ಳು ಹೇಳುವುದು ಅಪರೂಪ.

ಹಾಗಾದರೆ ಸಂದರ್ಭವನ್ನು ಅರಿಯುವುದು ಹೇಗೆ? ಮೊದಲು ಬಲವು ಹರಿಯುವ ಹಾದಿಯನ್ನು ತಿಳಿಯಬೇಕು. ಎಂಜಿನ್ನಿನಿಂದ ಗೇರ್‌ಬಾಕ್ಸ್, ಅಲ್ಲಿಂದ ಮುಂಚಕ್ರಗಳು. ಜೊತೆಗೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಡಿಫರೆನ್ಷಿಯಲ್, ಕೊನೆಗೆ ಆಕ್ಸಲ್, ಬೇರಿಂಗ್, ಹಿಂಚಕ್ರ. ಈ ಹಾದಿಯ ಒಂದೊಂದು ಭಾಗವೂ ತನ್ನದೇ ಸಂದರ್ಭದಲ್ಲಿ ದನಿಗೈಯುತ್ತದೆ. ನಿಂತಲ್ಲಿಯೇ ಎಂಜಿನ್ ವೇಗ ಹೆಚ್ಚಿಸಿದಾಗ ಸದ್ದು ಬಂದರೆ ದೋಷವು ಎಂಜಿನ್ ಅಥವಾ ಗೇರ್‌ಬಾಕ್ಸಿನ ಮೊದಲ ಭಾಗದ ಕಡೆಗಿದೆ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುತ್ತ, ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಕೊರಗುವ ಸದ್ದು ಬದಲಾದರೆ ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳನ್ನು ಶಂಕಿಸಬೇಕು. ಒತ್ತಿದರೂ ಬಿಟ್ಟರೂ ಬದಲಾಗದೆ, ವೇಗದೊಡನೆ ಮಾತ್ರ ಏರುವ ಗುಂಯ್‌ಗುಡುವಿಕೆ ಚಕ್ರದ ಬೇರಿಂಗಿನದೋ ಟೈರಿನದೋ ಆಗಿರುತ್ತದೆ. ರಸ್ತೆಯ ಮೈ ಬದಲಾದಾಗ ದನಿಯೂ ಬದಲಾದರೆ ಅದು ಟೈರು. ಉದ್ದನೆಯ ಎಡತಿರುವಿನಲ್ಲಿ ಭಾರವು ಬಲಚಕ್ರಗಳ ಮೇಲೆ ವಾಲುತ್ತದೆ. ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗನ್ನು ನೋಡಬೇಕು. ಹೊರಡುವಾಗ ಅಥವಾ ರಿವರ್ಸ್‌ಗೆ ಹಾಕಿದಾಗ ಠಕ್ ಎಂದರೆ ಶಾಫ್ಟಿನ ಕ್ರಾಸ್ ಜಾಯಿಂಟ್. ಪೂರ್ತಿ ತಿರುಗಿಸಿ ಮುನ್ನಡೆಯುವಾಗ ಕಟಕಟ ಎಂದರೆ ಮುಂದಿನ ಆಕ್ಸಲ್ಲಿನ ಸಿ.ವಿ. ಜಾಯಿಂಟ್, ಅದರ ರಬ್ಬರ್ ಕವಚ ಹರಿದು, ಗ್ರೀಸು ಚಕ್ರದ ಒಳಬದಿಗೆ ಸಿಡಿದಿರುವುದು ಅನೇಕ ವೇಳೆ ಕಣ್ಣಿಗೇ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಮರೆಯಬಾರದು. ಇಂತಹ ಕಾರಿನ ಎರಡೇ ಚಕ್ರಗಳನ್ನು ಜಾಕಿನ ಮೇಲೆತ್ತಿ ಗೇರಿನಲ್ಲಿ ಓಡಿಸಿ ನೋಡುವುದು ಅಪಾಯಕರ. ನೆಲದಲ್ಲಿರುವ ಚಕ್ರಗಳಿಗೂ ಬಲ ಹಾಯ್ದು ಗಾಡಿ ಜಾಕಿನಿಂದ ಹಾರಿಬಿಡಬಹುದು.

ನಮ್ಮ ಕಾರಿನ ಸದ್ದಿನ ಸಂದರ್ಭವನ್ನು ಒಂದು ವಾರ ಕಾಗದದಲ್ಲಿ ಬರೆದಿಟ್ಟೆ. ನೇರ ರಸ್ತೆಯಲ್ಲಿ ಇಲ್ಲ. ಬೆಳಿಗ್ಗೆ ಹೊರಟ ಕೂಡಲೇ ಇಲ್ಲ. ಎಂಟು ಹತ್ತು ಕಿಲೋಮೀಟರು ಓಡಿ ಬಿಸಿಯಾದ ಮೇಲೆ ಉಂಟು. ನಿಧಾನವಾಗಿ, ಸ್ಟಿಯರಿಂಗ್ ಪೂರ್ತಿ ತಿರುಗಿದಾಗ ಉಂಟು. ಎಡಕ್ಕೂ ಉಂಟು, ಬಲಕ್ಕೂ ಉಂಟು. ಈ ಕಾಗದವನ್ನು ಓದಿದ ಆ ಹಿರಿಯರು, "ಇದು ಹಲ್ಲಿನ ಸದ್ದಲ್ಲ, ಪ್ಲೇಟಿನ ಸದ್ದು" ಎಂದರು.

ಅದರ ಅರ್ಥವಿಷ್ಟು. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಆದ್ದರಿಂದ ಹೆಚ್ಚು ಸುತ್ತು ಸುತ್ತುತ್ತವೆ. ಮುಂದಕ್ಕೂ ಹಿಂದಕ್ಕೂ ಇರುವ ಈ ವ್ಯತ್ಯಾಸವನ್ನು ನಡುವೆ ಯಾವುದಾದರೊಂದು ಭಾಗ ನುಂಗಿಕೊಳ್ಳಲೇಬೇಕು. ನಮ್ಮ ಕಾರಿನಲ್ಲಿ ಆ ಕೆಲಸ ಹಿಂದಿನ ಡಿಫರೆನ್ಷಿಯಲ್ಲಿಗೆ ಸೇರಿದಂತೆ, ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳದ್ದು. ಎಣ್ಣೆ ಸರಿಯಾಗಿದ್ದರೆ ಪ್ಲೇಟುಗಳು ಒಂದರ ಮೇಲೊಂದು ನಯವಾಗಿ ಜಾರುತ್ತವೆ. ಎಣ್ಣೆಯಲ್ಲಿ ಬೆರೆಸಿದ ಘರ್ಷಣೆಯನ್ನು ಹದಗೊಳಿಸುವ ದ್ರವ್ಯ ಸವೆದಾಗ, ಕ್ಷಣಕ್ಷಣಕ್ಕೂ ಹಿಡಿದು ಬಿಟ್ಟು, ಹಿಡಿದು ಬಿಟ್ಟು ನರಳುತ್ತವೆ. ಭಾಗವಿನ್ನೂ ಕೆಟ್ಟಿರದಿದ್ದರೂ, ಅದನ್ನು ಕಾಯುತ್ತಿದ್ದ ಎಣ್ಣೆಯ ಗುಣ ಕೆಟ್ಟಿರುತ್ತದೆ. ಅಲಕ್ಷಿಸಿದರೆ ಮಾತ್ರ ಪ್ಲೇಟುಗಳೂ ಸುಡುತ್ತವೆ.

ಎಣ್ಣೆಗೆ ಕೈಹಾಕುವ ಮುನ್ನ ಟೈರುಗಳನ್ನು ಅಳೆಯಬೇಕೆಂದರು. ಏಕೆ? ಲೆಕ್ಕವೇ ಹೇಳುತ್ತದೆ. ಹಿಂದೆ ಹೊಸ ಟೈರು, ಮುಂದೆ 5 ಮಿ.ಮೀ. ಸವೆದ ಟೈರು ಇದ್ದರೆ ಸುತ್ತಳತೆಯಲ್ಲಿ ಸುಮಾರು 31 ಮಿ.ಮೀ. ಅಂತರ ಬೀಳುತ್ತದೆ. 2.1 ಮೀಟರ್ ಸುತ್ತಳತೆಯ ಚಕ್ರವು ಕಿಲೋಮೀಟರಿಗೆ ಸುಮಾರು 476 ಸುತ್ತು ಸುತ್ತಿದರೆ ಸವೆದದ್ದು 483 ಸುತ್ತು ಸುತ್ತುತ್ತದೆ. ನೇರ ರಸ್ತೆಯಲ್ಲಿಯೂ ಪ್ಲೇಟುಗಳಿಗೆ ವಿಶ್ರಾಂತಿ ಇರುವುದಿಲ್ಲ. ಟೈರು ಹೊಂದದಿದ್ದರೆ ಎಷ್ಟು ಎಣ್ಣೆ ಬದಲಿಸಿದರೂ ವ್ಯರ್ಥ. ದರ್ಜಿಯ ಟೇಪಿನಿಂದ ಅಳೆದಾಗ ನಮ್ಮ ನಾಲ್ಕೂ ಟೈರುಗಳು ಹೆಚ್ಚುಕಡಿಮೆ ಸಮವಾಗಿದ್ದವು.

ಬಳಿಕ ಎಣ್ಣೆಯ ಸರದಿ. ಹಿರಿಯರು ಕೆಳಗಿನ ಬಿರಡೆಗೆ ಮೊದಲು ಕೈಹಚ್ಚಲಿಲ್ಲ. ತುಂಬುವ ಮೇಲಿನ ಬಿರಡೆಯನ್ನು ಸಡಿಲಿಸಿಕೊಂಡರು. ಹಳೆಯ ಗಾಡಿಯಲ್ಲಿ ಮೇಲಿನದು ತುಕ್ಕುಹಿಡಿದು ಬಾರದೆಹೋದರೆ, ಎಣ್ಣೆ ಬಸಿದ ಮೇಲೆ ತುಂಬುವ ದಾರಿಯೇ ಇಲ್ಲ. ತುಂಬಲು ದಾರಿ ಮಾಡಿಕೊಂಡೇ ಬರಿದುಮಾಡಬೇಕೆಂಬ ಈ ವಿವೇಕ ನನಗೆ ಬಹಳ ಹಿಡಿಸಿತು. ಇಳಿದ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆಯಿಂದ ಕೂಡಿತ್ತು. ಬಿರಡೆಯ ಅಯಸ್ಕಾಂತಕ್ಕೆ ನುಣುಪಾದ ಬೂದುಬಣ್ಣದ ಮಸಿ ಹತ್ತಿತ್ತು. ಅದು ಸಹಜ ಸವಕಳಿ. ಲೋಹದ ಚೂರುಗಳಿದ್ದರೆ ಮಾತ್ರ ಹಲ್ಲುಗಳು ಒಡೆಯುತ್ತಿವೆ ಎಂದರ್ಥ, ಅವು ಇರಲಿಲ್ಲ. ತಯಾರಕರು ಸೂಚಿಸಿದ ವಿಶೇಷ ಎಣ್ಣೆಯನ್ನೇ, ಸುಮಾರು ಒಂದು ಲೀಟರು, ತುಂಬಿದೆವು. ಸಾಮಾನ್ಯ ಗೇರ್ ಎಣ್ಣೆ ಹಲ್ಲುಗಳಿಗೆ ಒಗ್ಗೀತು, ಪ್ಲೇಟುಗಳಿಗೆ ಒಗ್ಗದು. ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಿದಾಗ ನರಳಿಕೆ ಅರ್ಧಕ್ಕಿಳಿಯಿತು. ಒಳಗೆ ಅಂಟಿದ್ದ ಹಳೆಯದನ್ನು ತೊಳೆಯಲು ಕೆಲವು ದಿನಗಳ ನಂತರ ಮತ್ತೊಮ್ಮೆ ಬದಲಿಸಿದೆವು, ನರಳಿಕೆ ನಿಂತಿತು.

ಆದರೆ ದೊಡ್ಡ ಸದ್ದು ಅಡಗಿದಾಗ ಅದರ ಹಿಂದೆ ಅವಿತಿದ್ದ ಸಣ್ಣ ಸದ್ದೊಂದು ಕೇಳಿಸತೊಡಗಿತು. 60 ಕಿ.ಮೀ. ವೇಗ ದಾಟಿದರೆ ಸಣ್ಣಗೆ ಗುಂಯ್‌ಗುಡುವಿಕೆ, ಎಡತಿರುವಿನಲ್ಲಿ ಹೆಚ್ಚು. ಹಿಂದಿನ ಬಲಚಕ್ರವನ್ನು ಎತ್ತಿ, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸುತ್ತ ಸ್ಪ್ರಿಂಗಿನ ಮೇಲೆ ಬೆರಳಿಟ್ಟಾಗ ಒರಟುತನ ಬೆರಳಿಗೇ ತಿಳಿಯಿತು. ಬೇರಿಂಗ್ ಸವೆದಿತ್ತು. ಘಾಟಿಯಲ್ಲಿ ನಿಜವಾದ ಅಪಾಯ ತರಬಹುದಾಗಿದ್ದುದು ಈ ಮೆಲುದನಿಯೇ. ಡಿಫರೆನ್ಷಿಯಲ್ ಬದಲಿಸಿ ನಿಶ್ಚಿಂತರಾಗಿದ್ದರೆ ಅದನ್ನು ಹೊಸ ಭಾಗದ ಸದ್ದೆಂದೇ ಬಗೆಯುವ ಸಂಭವವಿತ್ತು. ಬೇರಿಂಗ್ ಬದಲಾಯಿತು. ಎಲ್ಲವೂ ಸೇರಿ ತಗಲಿದ್ದು ಮೊದಲು ಹೇಳಿದ ಮೊತ್ತದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ.

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಆನಿಸಿ ಆಲಿಸಿದನು; ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ಎದೆಯನ್ನು ಸೀಳದೆ ಒಳಗಿನದನ್ನು ಅರಿಯುವುದು ಆಲಿಕೆಯಿಂದ ಸಾಧ್ಯವಾಯಿತು. ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದೂ ಅದೇ ವಿದ್ಯೆ. ನಮಗೆ ಅಷ್ಟು ಪರಿಣತಿ ಇರದಿರಬಹುದು. ಆದರೂ ಗ್ಯಾರೇಜಿಗೆ ಹೋಗುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರೆದುಕೊಳ್ಳಬಲ್ಲೆವು: ತಣ್ಣಗಿರುವಾಗಲೋ ಬಿಸಿಯಾದಾಗಲೋ? ಯಾವ ವೇಗದಲ್ಲಿ? ಯಾವ ತಿರುವಿನಲ್ಲಿ? ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ? ಕೇಳುವ ಶ್ರಮವನ್ನು ನಾವು ವಹಿಸಿದರೆ ಬಿಚ್ಚುವ ಶ್ರಮವೂ ತೆರುವ ಹಣವೂ ಉಳಿಯುತ್ತವೆ. ನಮ್ಮನ್ನು ನಂಬಿ ಹಿಂದೆ ಕುಳಿತವರೂ ಕ್ಷೇಮವಾಗಿ ಮನೆ ಸೇರುತ್ತಾರೆ.