ವಿಟ್ಬಿಯಲ್ಲಿ ಮೀನಿನ ಪಂಥ

ಗಂಗೊಳ್ಳಿ ಬಂದರಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವನು ನಾನು. ಬಂಗುಡೆಯ ಮುಳ್ಳನ್ನು ಬಾಯಲ್ಲೇ ಬೇರೆ ಮಾಡಿ ಹೊರಗೆ ಹಾಕುವ ವಿದ್ಯೆ ಶಾಲೆಗೆ ಸೇರುವ ಮೊದಲೇ ಬಂದಿತ್ತು. ಹಾಗಾಗಿ ಮೀನಿನ ವಿಷಯದಲ್ಲಿ ನನಗೆ ಕೊಂಚ ಜಂಬ. ಆ ಜಂಬ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಒಂದು ಕಡಲತೀರದ ಊರಿನಲ್ಲಿ ಇಳಿದ ಕಥೆ ಇದು.

ಮಗಳ ಸಂಸಾರ ಲೀಡ್ಸ್ ನಗರದಲ್ಲಿದೆ. ಆಗಸ್ಟ್ ತಿಂಗಳ ಶಾಲಾ ರಜೆಯಲ್ಲಿ ಹನ್ನೊಂದು ವರ್ಷದ ಮೊಮ್ಮಗನನ್ನು ನೋಡಿಕೊಳ್ಳುವ ಕೆಲಸ ನನಗೆ ಬಿತ್ತು. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವನ ಗೆಳೆಯನೊಬ್ಬನ ಅಜ್ಜ ಮ್ಯಾರಥಾನ್ ಓಡುತ್ತಾರಂತೆ. ‘ಅಜ್ಜ, ನೀವು ಏನು ಮಾಡ್ತೀರಿ?’ ಎಂದು ಅವನು ಒಂದು ದಿನ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದೆ ಎಂದರೆ ಯಾವ ಮಗು ಬೆರಗಾಗುತ್ತದೆ, ನೀವೇ ಹೇಳಿ ಮಕ್ಕಳೇ! ‘ಮೀನು ತಿನ್ನುವುದರಲ್ಲಿ ನನ್ನನ್ನು ಸೋಲಿಸುವವರಿಲ್ಲ ಕಾಣು’ ಎಂದುಬಿಟ್ಟೆ. ಅವನು ಅದನ್ನು ಮರೆಯಲಿಲ್ಲ.

ಮರುವಾರ ಇಬ್ಬರೂ ವಿಟ್ಬಿಗೆ ಹೊರಟೆವು. ಲೀಡ್ಸ್‌ನಿಂದ ಮಹಡಿ ಬಸ್ಸು. ಯಾರ್ಕ್, ಮಾಲ್ಟನ್, ಪಿಕರಿಂಗ್ ಊರುಗಳನ್ನು ದಾಟಿ ಮೂರು ಗಂಟೆಗೂ ಹೆಚ್ಚಿನ ಪ್ರಯಾಣ. ಮೇಲಂತಸ್ತಿನ ಮುಂದಿನ ಸೀಟು ಸಿಕ್ಕಿತ್ತು. ಪಿಕರಿಂಗ್ ದಾಟಿದ ಮೇಲೆ ಮರಗಳು ಕಡಿಮೆಯಾಗಿ, ಗುಡ್ಡದ ಮೇಲೆ ಗುಡ್ಡ ನೇರಳೆ ಬಣ್ಣದಲ್ಲಿ ಹರಡಿಕೊಂಡಿದ್ದವು. ಹೆದರ್ ಎಂಬ ಕುರುಚಲು ಗಿಡ ಆ ಕಾಲದಲ್ಲಿ ಹೂ ಬಿಡುತ್ತದೆ. ನಡುನಡುವೆ ಕುರಿಗಳು. ಕೊನೆಗೆ ದೂರದಲ್ಲಿ ಬೂದುಬಣ್ಣದ ಉತ್ತರ ಸಮುದ್ರ ಕಂಡಿತು.

ವಿಟ್ಬಿ ಚಿಕ್ಕ ಊರು. ಎಸ್ಕ್ ನದಿ ಊರನ್ನು ಎರಡು ಪಾಲು ಮಾಡಿ ಸಮುದ್ರ ಸೇರುತ್ತದೆ. ಹಡಗು ಬಂದರೆ ನಡುವಿನ ಸೇತುವೆಯೇ ಬಾಗಿಲಿನಂತೆ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತದೆ. ಶಾಲೆಯ ಪಾಠದಲ್ಲಿ ಓದಿದ ಕ್ಯಾಪ್ಟನ್ ಜೇಮ್ಸ್ ಕುಕ್ ಹುಡುಗನಾಗಿದ್ದಾಗ ಹಡಗಿನ ಕೆಲಸ ಕಲಿತದ್ದು ಇಲ್ಲೇ. ಅವನು ಆಸ್ಟ್ರೇಲಿಯಾದ ಪೂರ್ವ ಕರಾವಳಿಯವರೆಗೆ ಹೋದ ಎಂಡೆವರ್ ಹಡಗು ಕಟ್ಟಿದ್ದೂ ಇಲ್ಲೇ, 1764ರಲ್ಲಿ. ಅದು ಮೂಲತಃ ಕಲ್ಲಿದ್ದಲು ಸಾಗಿಸುವ ಹಡಗು. ಪಶ್ಚಿಮದ ಗುಡ್ಡದಲ್ಲಿ ತಿಮಿಂಗಿಲದ ದವಡೆ ಮೂಳೆಗಳ ಕಮಾನು ಇದೆ. ಪೂರ್ವದ ಗುಡ್ಡದ ತುದಿಯಲ್ಲಿ ಸೇಂಟ್ ಮೇರಿ ಇಗರ್ಜಿ, ಅದರ ಹಿಂದೆ ಪಾಳುಬಿದ್ದ ಹಳೆಯ ಮಠ. ಅಲ್ಲಿಗೆ ಹತ್ತಲು 199 ಕಲ್ಲಿನ ಮೆಟ್ಟಿಲು. ‘ಊಟ ಮುಗಿಸಿ ಹತ್ತೋಣ’ ಎಂದು ಮೊಮ್ಮಗನಿಗೆ ಮಾತು ಕೊಟ್ಟೆ.

ಬಂದರಿನ ಉದ್ದಕ್ಕೂ ಫಿಶ್ ಅಂಡ್ ಚಿಪ್ಸ್ ಅಂಗಡಿಗಳು. ಯಾರ್ಕ್‌ಷೈರ್‌ನಲ್ಲಿ ಇದನ್ನು ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇದೆ. ನಮಗದು ಆಗದು. ಮಗಳು ಮೊದಲೇ ವಿಚಾರಿಸಿ, ಅಡುಗೆ ಎಣ್ಣೆಯಲ್ಲಿ ಕರಿಯುವ ಹೋಟೆಲಿನ ವಿಳಾಸ ಬರೆದುಕೊಟ್ಟಿದ್ದಳು. ಅಲ್ಲಿ ಗೋಡೆಯ ಮೇಲೆ ಒಂದು ಬೋರ್ಡು: ಎರಡು ಪೌಂಡ್ ಮೀನು, ಅಷ್ಟೇ ತೂಕದ ಚಿಪ್ಸ್, ಒಂದು ಬಟ್ಟಲು ಬಟಾಣಿ, ಎರಡು ತುಂಡು ಬ್ರೆಡ್ಡು. ನಲವತ್ತೈದು ನಿಮಿಷದಲ್ಲಿ ಮುಗಿಸಿದರೆ ಊಟ ಉಚಿತ, ಗೋಡೆಯ ಮೇಲೆ ಫೋಟೊ. ಇಲ್ಲವಾದರೆ ಮೂವತ್ತು ಪೌಂಡ್ ಹಣ.

ಮೊಮ್ಮಗ ನನ್ನ ಮುಖ ನೋಡಿದ. ನಾನು ಬೋರ್ಡು ನೋಡಿದೆ. ಎರಡು ಪೌಂಡ್ ಎಂದರೆ ಒಂಬೈನೂರು ಗ್ರಾಂ. ಚಿಪ್ಸ್ ಸೇರಿದರೆ ಎರಡು ಕಿಲೋಕ್ಕೆ ಹತ್ತಿರ. ನಿಮಿಷಕ್ಕೆ ನಲವತ್ತು ಗ್ರಾಂ ತಿಂದರೆ ಸಾಕು. ಲೆಕ್ಕದಲ್ಲಿ ಎಲ್ಲವೂ ಸುಲಭ!

‘ಆರ್ ಯು ಶೂರ್, ಲವ್?’ ಎಂದಳು ಬಡಿಸುವ ಹುಡುಗಿ. ನಾನು ಗಾಬರಿಯಾದೆ. ‘ಇಲ್ಲಿ ಎಲ್ಲರನ್ನೂ ಹಾಗೇ ಕರೀತಾರೆ ಅಜ್ಜ’ ಎಂದು ಮೊಮ್ಮಗ ನಕ್ಕ. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದ.

ತಟ್ಟೆಯ ಎರಡೂ ಕಡೆ ಹೊರಗೆ ಚಾಚಿದ ಮೀನು ಬಂತು. ಹ್ಯಾಡಕ್ ಎಂಬ ಜಾತಿ. ತಲೆಯಿಲ್ಲ, ಚರ್ಮವಿಲ್ಲ, ಮುಳ್ಳಿಲ್ಲ. ನನ್ನ ವಿದ್ಯೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಮೈದಾ ಹಿಟ್ಟಿನಲ್ಲಿ ಅದ್ದಿ ಕರಿದದ್ದು, ನಮ್ಮ ಬಜ್ಜಿಯ ಹಾಗೆ. ಹೊರಗಿನ ಹಿಟ್ಟು ಗರಿಗರಿಯಾಗುವಾಗ ಒಳಗಿನ ಮೀನು ತನ್ನದೇ ನೀರಿನ ಹಬೆಯಲ್ಲಿ ಬೇಯುತ್ತದೆ. ಮೇಲೆ ಉಪ್ಪು, ವಿನೆಗರ್. ಖಾರದ ಸುಳಿವಿಲ್ಲ. ಆದರೂ ಮೊದಲ ತುತ್ತು ಬಹಳ ರುಚಿಯಾಗಿತ್ತು.

ಈ ತಿಂಡಿ ಅಪ್ಪಟ ಇಂಗ್ಲಿಷರದು ಎಂದು ನಾನು ತಿಳಿದಿದ್ದೆ. ಮೀನು ಕರಿಯುವ ರೂಢಿ ತಂದವರು ಸ್ಪೇನ್, ಪೋರ್ಚುಗಲ್‌ಗಳಿಂದ ಬಂದ ಯಹೂದಿಗಳು. ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಅದನ್ನು ನಮ್ಮ ಕರಾವಳಿಗೆ ತಂದ ಪೋರ್ಚುಗೀಸರಿಂದಲೇ ನಮಗೆ ‘ಬಟಾಟೆ’ ಎಂಬ ಹೆಸರೂ ಬಂತು. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇವೆರಡೂ ಒಂದೇ ಅಂಗಡಿಯಲ್ಲಿ ಜೊತೆಯಾದವು. ರೈಲು ಬಂದು ಸಮುದ್ರದ ಮೀನು ಒಳನಾಡಿನ ಪಟ್ಟಣಗಳಿಗೂ ತಲುಪಿದಾಗ, ಗಿರಣಿ ಕಾರ್ಮಿಕರ ಅಗ್ಗದ ಊಟ ಇದೇ ಆಯಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಿದ್ದರು, ನಮ್ಮೂರಲ್ಲಿ ಕಡಲೆ ಕಟ್ಟಿಕೊಟ್ಟಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಂಸ, ಬೆಣ್ಣೆ, ಸಕ್ಕರೆ ಎಲ್ಲಕ್ಕೂ ರೇಷನ್ ಬಂದರೂ ಇದಕ್ಕೆ ಬರಲಿಲ್ಲ. ಬಡವರ ಹೊಟ್ಟೆ ತುಂಬಿಸಿದ ಊಟ ಇದು.

ಹದಿನೈದು ನಿಮಿಷದಲ್ಲಿ ಅರ್ಧ ಮೀನು ಮುಗಿಸಿದೆ. ಪಕ್ಕದ ಮೇಜಿನವರು ಹುರಿದುಂಬಿಸಿದರು. ಮೊಮ್ಮಗ ಫೋನಿನಲ್ಲಿ ಸಮಯ ನೋಡಿ ನೋಡಿ ಹೇಳುತ್ತಿದ್ದ. ಇಪ್ಪತ್ತೈದನೆಯ ನಿಮಿಷಕ್ಕೆ ಚಿಪ್ಸ್ ಬಾಯಲ್ಲೇ ನಿಂತವು. ಮೂವತ್ತಕ್ಕೆ ಹಣೆಯಲ್ಲಿ ಬೆವರು, ಎದೆಯಲ್ಲಿ ಭಾರ. ಸಕ್ಕರೆ ಕಾಯಿಲೆಗೆ ದಿನಾ ಎರಡು ಮಾತ್ರೆ ನುಂಗುವವನು ನಾನು. ಇದನ್ನು ಬೋರ್ಡಿನ ಮುಂದೆ ನಿಂತಾಗ ಮರೆತಿದ್ದೆ, ಅಥವಾ ಮರೆತಂತೆ ನಟಿಸಿದ್ದೆ. ಇನ್ನೊಂದು ತುಂಡು ಎತ್ತಿದೆ. ಪಂಥ ಬಿಡಬಾರದಲ್ಲ!

ಆಗ ಮೊಮ್ಮಗ ಫೋನು ಕೆಳಗಿಟ್ಟು ನನ್ನ ಮೊಣಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ‘ಅಜ್ಜ, ಸಾಕು. ನಂಗೆ ಹೆದರಿಕೆ ಆಗ್ತಿದೆ’ ಎಂದ.

ಫೋರ್ಕ್ ಕೆಳಗಿಟ್ಟೆ. ಅವನ ಕಣ್ಣಿಗೆ ದೊಡ್ಡವನಾಗಿ ಕಾಣಬೇಕೆಂದು ಕೂತವನು ಅವನನ್ನು ಅಳಿಸಿಬಿಟ್ಟಿದ್ದೆ. ನನ್ನ ಅಮ್ಮನ ನೆನಪಾಯಿತು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯದ ದಿನಗಳಲ್ಲಿ ಒಂದು ಒಣಮೀನನ್ನು ಸುಟ್ಟು, ಐದು ಜನರ ಗಂಜಿಗೆ ಹಂಚುತ್ತಿದ್ದರು. ಆ ಅಮ್ಮನ ಮಗ ಇಲ್ಲಿ ಐದು ಜನರ ಪಾಲನ್ನು ಒಬ್ಬನೇ ತಿನ್ನಲು ಹೊರಟಿದ್ದ.

ಮೂವತ್ತು ಪೌಂಡ್ ಕೊಟ್ಟೆ. ರೂಪಾಯಿಯಲ್ಲಿ ಮೂರು ಸಾವಿರದ ಮೇಲಾಯಿತು. ಹುಡುಗಿ ಉಳಿದದ್ದನ್ನು ಡಬ್ಬದಲ್ಲಿ ಹಾಕಿ ಕೊಟ್ಟಳು. ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಸುಮ್ಮನೆ ಕೂತೆವು. ಬೆಕ್ಕಿನಷ್ಟು ದೊಡ್ಡ ಸೀಗಲ್ ಹಕ್ಕಿಗಳು ಡಬ್ಬದ ಮೇಲೆ ಕಣ್ಣಿಟ್ಟು ಸುತ್ತಾಡುತ್ತಿದ್ದವು. ಅವಕ್ಕೆ ತಿನಿಸು ಹಾಕಬಾರದೆಂದು ಬೋರ್ಡೇ ಇದೆ. ನಮ್ಮೆದುರೇ ಒಂದು ಹಕ್ಕಿ ಯಾರದೋ ಕೈಯಿಂದ ಮೀನನ್ನೇ ಎಗರಿಸಿತು. ಮೊಮ್ಮಗ ಡಬ್ಬವನ್ನು ಜಾಕೆಟ್ಟಿನೊಳಗೆ ಬಚ್ಚಿಟ್ಟುಕೊಂಡ.

ಎದೆಯ ಭಾರ ಇಳಿದ ಮೇಲೆ, ‘ಮೆಟ್ಟಿಲು ಇವತ್ತು ಬೇಡ ಅಜ್ಜ’ ಎಂದ. ‘ನಿಧಾನವಾಗಿ ಹತ್ತೋಣ, ನೀನು ಎಣಿಸು. ಸುಸ್ತಾದರೆ ನಾನೇ ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ’ ಎಂದೆ. ಅವನು ಕನ್ನಡದಲ್ಲಿ ಎಣಿಸತೊಡಗಿದ. ಇಪ್ಪತ್ತೊಂಬತ್ತಾದ ಮೇಲೆ ಏನು ಎಂದು ಕೇಳಿದ. ಮೂವತ್ತು ಎಂದೆ. ನಲವತ್ತು, ಐವತ್ತಕ್ಕೂ ನೆರವಾದೆ. ಹಿಂದೆ ಹೆಣ ಹೊತ್ತವರು ಭಾರ ಇಳಿಸಿ ದಣಿವಾರಿಸಿಕೊಳ್ಳಲು ಮಾಡಿದ ಜಾಗಗಳು ನಡುನಡುವೆ ಇವೆ. ನಾನು ಅಲ್ಲೆಲ್ಲ ಕೂತೆ. ಜಾಗದ ಕಥೆ ಮಾತ್ರ ಆಗ ಅವನಿಗೆ ಹೇಳಲಿಲ್ಲ. ನೂರು ದಾಟಿದ ಮೇಲೆ ಅವನಿಗೆ ನನ್ನ ಸಹಾಯ ಬೇಕಾಗಲಿಲ್ಲ. ಮೇಲೆ ತಲುಪಿದಾಗ ಕೆಂಪು ಹೆಂಚಿನ ಮನೆಗಳು, ಬಂದರು, ಕಡಲು ಎಲ್ಲವೂ ಕಾಲಡಿಯಲ್ಲಿದ್ದವು.

ರಾತ್ರಿ ಮಗಳು ಉಳಿದ ಮೀನನ್ನು ಕಾವಲಿಯಲ್ಲಿ ಬಿಸಿ ಮಾಡಿ, ಮೇಲೆ ಮೆಣಸಿನ ಪುಡಿ ಉದುರಿಸಿದಳು. ನಾಲ್ಕು ಜನರಿಗೂ ಸಾಕಾಯಿತು. ನಾನು ಒಂದೇ ತುಂಡು ತಿಂದೆ. ‘ಅಜ್ಜ ಇವತ್ತು ಏನು ಮಾಡಿದರು?’ ಎಂದು ಅವಳು ಮಗನನ್ನು ಕೇಳಿದಳು. ನಾನು ತಲೆ ತಗ್ಗಿಸಿ ಕೂತೆ.

‘ನೂರ ತೊಂಬತ್ತೊಂಬತ್ತು ಮೆಟ್ಟಿಲು ಹತ್ತಿದರು’ ಎಂದ ಅವನು, ಕನ್ನಡದಲ್ಲಿ.